ಅವ್ವನ ಒಪ್ಪತ್ತು, ಅಪ್ಪನ ಹೆಬ್ಬಾವು

ಒಂದು ಕೋಳಿಮೊಟ್ಟೆ ಕೂಡ ಹೊಸ್ತಿಲು ದಾಟದ ಮನೆ ನಮ್ಮದು. ಕಿರವತ್ತಿಯಲ್ಲಿ ರಸ್ತೆಗೆ ಮುಖ ಮಾಡಿದ ಲಿಂಗಾಯತ ಖಾನಾವಳಿ. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು, ಅಪ್ಪ ಹೊರಗೆ ಗಲ್ಲಾದ ಮುಂದೆ ಕೂತು ಮಾತು ಬಡಿಯುತ್ತಿದ್ದ. ಅಂಥ ಮನೆಯ ಮುಂಗಟ್ಟೆಯ ಮೇಲೆ ಒಂದು ಹೆಬ್ಬಾವಿತ್ತು. ಯಾಕಿತ್ತು ಎಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಆದರೂ ಹೇಳುತ್ತೇನೆ.

ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿ ಒಂದೆರಡು ವರ್ಷವಾಗಿದ್ದ ಕಾಲ ಅದು. ಯಲ್ಲಾಪುರದ ಕಡೆಯಿಂದ ದಿಮ್ಮಿ ಹೇರಿಕೊಂಡು ಹುಬ್ಬಳ್ಳಿಗೆ ಹೋಗುವ ಲಾರಿಗಳೆಲ್ಲ ನಮ್ಮ ಮುಂದೆಯೇ ಹಾದುಹೋಗುತ್ತಿದ್ದವು. ಹಾದುಹೋಗುತ್ತಿದ್ದವು ಅಷ್ಟೇ, ನಿಲ್ಲುತ್ತಿರಲಿಲ್ಲ. ಒಂದು ಸಲ ಕಟ್ಟಿಗೆ ಡಿಪೋದ ಕೂಲಿಯವರು ಟೊಳ್ಳು ದಿಮ್ಮಿಯೊಳಗೆ ಸಿಕ್ಕ ಹೆಬ್ಬಾವಿನ ಮರಿಯೊಂದನ್ನು ತಮಾಷೆಗೆ ತಂದು ಅಪ್ಪನಿಗೆ ಕೊಟ್ಟರು. ಅಪ್ಪ ಅದನ್ನು ತಂತಿಯ ಜಾಲರಿ ಬಡಿದ ಪೆಟ್ಟಿಗೆಯಲ್ಲಿ ಹಾಕಿ ಕಟ್ಟೆಯ ಮೇಲಿಟ್ಟ. ಅಲ್ಲಿಂದ ಲಾರಿಗಳು ನಿಲ್ಲತೊಡಗಿದವು. ಡ್ರೈವರುಗಳು ಹಾವು ನೋಡಿ, ಕೈ ತೊಳೆದು, ಊಟಕ್ಕೆ ಕೂಡುತ್ತಿದ್ದರು. ಅವ್ವನ ಎಣ್ಣೆಗಾಯಿಗೆ ನಿಲ್ಲದ ಜನ ಹಾವಿಗೆ ನಿಂತರು.

ಅದರ ಊಟಕ್ಕೇನು ತೊಂದರೆ ಇರಲಿಲ್ಲ. ಜೋಳದ ಚೀಲ ಇಡುವ ಕೋಣೆಯಲ್ಲಿ ಇಲಿಗಳು ಬೇಕಾದಷ್ಟಿದ್ದವು. ಎಂಟು ಹತ್ತು ದಿನಕ್ಕೊಮ್ಮೆ ಅಪ್ಪ ಬೋನು ತಂದು ಪೆಟ್ಟಿಗೆಯ ಬಾಯಿಗೆ ಹಿಡಿದು ಬಾಗಿಲು ಎತ್ತುತ್ತಿದ್ದ. ಲಿಂಗಾ ಕಟ್ಟಿದವರು ಹೀಗೆ ಮಾಡಬಹುದೇನು ಎಂದು ಯಾರಾದರೂ ಕೇಳಿದರೆ ಅವನ ಉತ್ತರ ತಯಾರಿರುತ್ತಿತ್ತು. "ನಾವೇನು ಕೊಲ್ಲೂದಿಲ್ರೀ. ಬಾಗಲಾ ತೆಗೀತೇವಿ, ಅಷ್ಟ. ಮುಂದಿಂದು ಅವರವರ ಹಣೇಬರಹ."

ಅಪ್ಪ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಆ ಹಾವನ್ನು ಅವನು ಎಷ್ಟು ನಾಜೂಕಾಗಿ ನೋಡಿಕೊಳ್ಳುತ್ತಿದ್ದ ಅಂತೀರಿ! ಪೊರೆ ಬಿಡುವ ಕಾಲಕ್ಕೆ ಅದರ ಕಣ್ಣು ಮಂಜಾದರೆ, ಯಾರೂ ಕಟ್ಟೆಯ ಹತ್ತಿರ ಸದ್ದು ಮಾಡಕೂಡದು. ಥಂಡಿ ಬಿದ್ದರೆ ತನ್ನ ಹಾಸಿಗೆಯ ಕಂಬಳಿ ತಂದು ಪೆಟ್ಟಿಗೆಗೆ ಹೊದಿಸುತ್ತಿದ್ದ. ಅಷ್ಟು ಕಾಳಜಿ ಮಾಡುವುದು ಆ ಮನುಷ್ಯನಿಗೆ ಬರುತ್ತಿತ್ತು. ಬರುತ್ತಿತ್ತು ಅನ್ನುವುದೇ ನನ್ನ ಹೊಟ್ಟೆಯುರಿ. ಅವ್ವ ಹಾವಿನ ಮಾತು ಬಂದಾಗೆಲ್ಲ "ನಿಮ್ಮಪ್ಪನ ಮಗಾ" ಎಂದು ನಗುತ್ತಿದ್ದಳು.

ನನ್ನನ್ನು ಬನವಾಸಿ ಕಡೆಯ ಕಾಳಿನ ವ್ಯಾಪಾರದ ಮನೆಗೆ ಕೊಟ್ಟಿದ್ದರು. ಆ ವರ್ಷ ಪಂಚಮಿಗೆ ತವರಿಗೆ ಬಂದೆ. ಚೊಚ್ಚಲ ಬಸುರಿ. ಬಸ್ಸಿನಲ್ಲಿ ಮತ್ತೆ ಹೋಗಿ ಬಂದು ಮಾಡುವುದು ಬೇಡ, ಹೆರಿಗೆ ಆಗುವ ತನಕ ಅಲ್ಲೇ ಇರಲಿ ಎಂದು ಅತ್ತೆಯೇ ಹೇಳಿ ಕಳಿಸಿದ್ದರು. ಬಾಗಿಲಲ್ಲಿ ಅವ್ವ ನಿಂತಿದ್ದಳು. ಕುಪ್ಪಸದ ತೋಳು ಸಡಿಲಾಗಿ ಜೋತಾಡುತ್ತಿತ್ತು. ಕೊರಳಿನ ಎಲುಬು ಎದ್ದು ಕಾಣುತ್ತಿತ್ತು.

"ಯಾಕವ್ವಾ ಹಿಂಗ ಆಗೀದಿ?" ಅಂದೆ.

"ಶ್ರಾವಣ ಅಲ್ಲೇನ? ಒಪ್ಪತ್ತು ಹಿಡದೇನಿ," ಅಂದಳು. ಒಪ್ಪತ್ತು ಎಂದರೆ ದಿನಕ್ಕೆ ಒಂದೇ ಹೊತ್ತು ಊಟ. ನಮ್ಮ ಹೆಂಗಸರಲ್ಲಿ ಅದು ಹೊಸದೇನಲ್ಲ. ಅದೂ ಅಲ್ಲದೆ ನಮ್ಮ ಮನೆಯಲ್ಲಿ ಅವ್ವ ಉಣ್ಣುವುದನ್ನು ಯಾರೂ ನೋಡಿದವರೇ ಇಲ್ಲ. ಗಿರಾಕಿಗಳದಾಗಬೇಕು, ಅಪ್ಪನದಾಗಬೇಕು, ಮನೆಗೆ ಬಂದ ಮಗಳದಾಗಬೇಕು. ಆಮೇಲೆ ಅವಳು ಒಲೆಯ ಹತ್ತಿರ ತಾಟು ಹಿಡಿದು ಗೋಡೆಗೆ ಮುಖ ಮಾಡಿ ಕೂಡುತ್ತಿದ್ದಳು. ಆ ತಾಟಿನೊಳಗಿದ್ದದ್ದು ಅವಳ ಬಾಯಿಗೆ ಹೋಯಿತೋ ಹಿತ್ತಲ ಎಮ್ಮೆಯ ಬಾಯಿಗೆ ಹೋಯಿತೋ ಕೇಳುವವರು ಯಾರು?

ಪಂಚಮಿಯ ದಿನ ಓಣಿಯ ಹೆಂಗಸರೆಲ್ಲ ನಮ್ಮ ಕಟ್ಟೆಗೇ ಬಂದರು. ಹುತ್ತಕ್ಕೆ ಹಾಲೆರೆಯುವ ಬದಲು ಜೀವಂತ ಹಾವೇ ಇರುವಾಗ ಮಣ್ಣಿಗೆ ಯಾಕೆ ಹಾಕಬೇಕು ಅಂತ. ಅಪ್ಪ ಮೊದಮೊದಲು, "ಇದು ನಾಗಪ್ಪ ಅಲ್ರವ್ವಾ, ಹೆಬ್ಬಾವು," ಅಂದ. ಆಮೇಲೆ ಜನ ಸೇರಿದ್ದು ನೋಡಿ ಅವನಿಗೂ ಹುರುಪು ಬಂತು. ಜಾಲರಿ ತೆಗೆದು ನಿಂತ. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು ಎಂದು ಹೇಳುತ್ತ ಒಬ್ಬೊಬ್ಬರೂ ಅದರ ಮೇಲೆ ಹಾಲು ಸುರಿದರು. ಅರಿಷಿಣ ಬಳಿದರು, ಕುಂಕುಮ ಹಚ್ಚಿದರು, ಜೋಳದ ಅಳ್ಳು ಎರಚಿದರು. ಹಾವು ಪೆಟ್ಟಿಗೆಯ ಮೂಲೆಗೆ ತಲೆ ತುರುಕಿಕೊಂಡು ಬುಸುಗುಟ್ಟಿದರೆ, ನಾಗಪ್ಪ ಒಪ್ಪಿಕೊಂಡ ಎಂದು ಕೈ ಮುಗಿದರು. ಕೆಳಗಿನ ಹುಲ್ಲೆಲ್ಲ ಹಾಲಿನಲ್ಲಿ ನೆಂದು ಮರುದಿನಕ್ಕೆ ಹುಳಿ ವಾಸನೆ ಹೊಡೆಯತೊಡಗಿತು.

ಅಲ್ಲಿಂದಾಚೆ ಅದು ತಿನ್ನಲಿಲ್ಲ. ಅಪ್ಪ ಬೋನು ತಂದು ಇಲಿ ಬಿಟ್ಟ. ಇಲಿ ಮೊದಲು ಹೆದರಿ ಓಡಾಡಿತು, ಆಮೇಲೆ ಹಾವಿನ ಬೆನ್ನ ಮೇಲೇ ಹತ್ತಿ ಕೂತು ಮೀಸೆ ತೀಡಿಕೊಂಡಿತು. ಡ್ರೈವರುಗಳು ಬಿದ್ದು ಬಿದ್ದು ನಕ್ಕರು. ಅಪ್ಪನ ಮುಖ ಕಪ್ಪಿಟ್ಟಿತು. ಇನ್ನೊಂದು ಇಲಿ ಬಿಟ್ಟ, ಸಣ್ಣದು. ಮುಟ್ಟಲಿಲ್ಲ. ಕೆರೆಯಿಂದ ಕಪ್ಪೆ ತರಿಸಿದ. ಮುಟ್ಟಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಪಂಚೆಯ ಮರೆಯಲ್ಲಿ ಏನೋ ಇಟ್ಟುಕೊಂಡು ಬಂದ. ನೋಡಿದರೆ ಕೋಳಿಮರಿ. ಅವ್ವ ರೊಟ್ಟಿಯ ಹಿಟ್ಟು ಹತ್ತಿದ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. "ಇದನ್ನ ಮನೀಗೆ ತಂದ್ರೆಲ್ಲಾ, ನನ್ನ ಒಲಿ ಮೈಲಿಗಿ ಆಗೂದಿಲ್ಲೇನು?" ಅಂದಳು. ಅಪ್ಪ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಹಾವು ಕೋಳಿಮರಿಯನ್ನೂ ಮುಟ್ಟಲಿಲ್ಲ.

ಬಂದವರೆಲ್ಲ ಅದನ್ನೇ ನೋಡುವವರು. ತಿಂತೇನು, ಇಲ್ಲೇನು? ಒಬ್ಬ ಜಾಲರಿಯೊಳಗೆ ಕಡ್ಡಿ ಹಾಕಿ ತಿವಿಯುವವನು, ಇನ್ನೊಬ್ಬ ಬೀಡಿಯ ಹೊಗೆ ಬಿಡುವವನು. ಅಪ್ಪ ಗಲ್ಲಾ ಬಿಟ್ಟು ಪೆಟ್ಟಿಗೆಯ ಮುಂದೆ ಕುಕ್ಕುರುಗಾಲಲ್ಲಿ ಕೂತಿರುತ್ತಿದ್ದ. ಅವನ ಊಟವೂ ಅಲ್ಲೇ. ತುತ್ತು ಬಾಯಿಗೆ ಇಟ್ಟುಕೊಂಡು ಹಾವಿನ ಬಾಯಿ ನೋಡುತ್ತಿದ್ದ.

ಅಷ್ಟರಲ್ಲಿ ಶ್ರಾವಣ ಮುಗಿಯಿತು. ಅವ್ವನ ಒಪ್ಪತ್ತು ಮುಗಿಯಲಿಲ್ಲ. ನಾನು ಕೇಳಿದ್ದಕ್ಕೆ, "ನಿನ್ನ ಬಾಣಂತನ ಸಸೂತ್ರ ಆಗಲಿ ಅಂತ ಬೇಡಿಕೊಂಡೇನಿ. ಅಲ್ಲೀತನಕ ಬಿಡೂದಿಲ್ಲ," ಅಂದಳು. ಇದನ್ನು ಕೇಳಿದ ಓಣಿಯ ಹೆಂಗಸರು, "ತಾಯಿ ಅಂದ್ರ ಹಿಂಗಿರಬೇಕು ನೋಡ," ಎಂದು ನನಗೆ ಬುದ್ಧಿ ಹೇಳಿದರು. ತಿಂಗಳಿಗೊಮ್ಮೆ ಮನೆಗೆ ಬರುತ್ತಿದ್ದ ಅಯ್ಯನವರು ಅವ್ವನನ್ನು ದಿಟ್ಟಿಸಿ ನೋಡಿ, "ಮುಖದಾಗ ತೇಜಸ್ಸು ಬಂದೈತಿ. ವ್ರತಾ ಕೈಗೂಡೇತಿ," ಅಂದರು. ತೇಜಸ್ಸಂತೆ! ಕಣ್ಣು ಗುಣಿಗೆ ಇಳಿದು, ಕೆನ್ನೆಯ ಚರ್ಮ ಎಲುಬಿಗೆ ಹತ್ತಿ ಹೊಳೆಯುತ್ತಿತ್ತು. ಅದಕ್ಕೆ ಅವರು ತೇಜಸ್ಸು ಅಂದರು. ಅವ್ವ ತಲೆ ಬಗ್ಗಿಸಿ ಅವರ ಪಾದ ಮುಟ್ಟಿ, ಏಳುವಾಗ ಗೋಡೆ ಹಿಡಿದಳು.

ಹೊರಗೆ ಕಟ್ಟೆಗೆ ಬಂದ ಅಯ್ಯನವರು ಹಾವಿನ ಸುದ್ದಿ ಕೇಳಿ ನಕ್ಕರು. "ನಿಮ್ಮ ಮನಿ ಗುಣಾ ನೋಡ್ರಿ ಸಾವಕಾರ್ರ. ಹಾವೂ ವ್ರತಾ ಹಿಡದೈತಿ."

ಅಪ್ಪ ಧಡಕ್ಕನೆ ಎದ್ದು ನಿಂತ. "ಮೂಕ ಪ್ರಾಣಿಗೆ ಎಂಥಾ ವ್ರತಾರೀ? ಜೀವಂದಮ್ಯಾಲ ತಿನ್ನಬೇಕು. ತಿನ್ನಲಿಲ್ಲ ಅಂದ್ರ ಒಳಗ ಏನೋ ಬ್ಯಾನಿ ಐತಿ ಅಂತ ಲೆಕ್ಕ. ಇಷ್ಟೂ ತಿಳಿಯೂದಿಲ್ಲೇನು?"

ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಅಪ್ಪನಿಗೆ ತಿಳಿಯುತ್ತಿತ್ತು. ತಿನ್ನದ ಜೀವಕ್ಕೆ ಒಳಗೆ ನೋವಿದೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವತ್ತೇ ಅಪ್ಪನನ್ನು ಹಿಡಿದು ಹೇಳಿದೆ. "ಯವ್ವಗ ಆರಾಮ ಇಲ್ಲ. ಒಪ್ಪತ್ತಂತ ಹೇಳತಾಳ, ಆ ಒಂದ್ಹೊತ್ತೂ ಸರಿಯಾಗಿ ಉಣ್ಣೂದಿಲ್ಲ. ದವಾಖಾನಿಗೆ ಕರಕೊಂಡು ಹೋಗು." ಅಪ್ಪ ಪೆಟ್ಟಿಗೆಯಿಂದ ಕಣ್ಣು ತೆಗೆಯದೆ, "ದೇವರ ಕೆಲಸಾ ಮಾಡಾಕತ್ತಾಳ, ನಡಕ ಬಾಯಿ ಹಾಕಬ್ಯಾಡ," ಅಂದ. ಹೀಗೆ ಹೇಳಿದರೆ ತೀರಿತು, ಮುಂದೆ ಮಾತೇ ಇಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಅಪ್ಪ ಹಾವನ್ನು ಶಿರಸಿಯ ದನದ ಡಾಕ್ಟರಿಗೆ ತೋರಿಸುತ್ತೇನೆಂದು ಹೊರಟ. ಗುರುತಿನ ಡ್ರೈವರನೊಬ್ಬ ಖಾಲಿ ಲಾರಿ ಹೊಡೆದುಕೊಂಡು ಶಿರಸಿಗೆ ಹೊರಟಿದ್ದ. ಹಾವನ್ನು ಮುಚ್ಚಳದ ಬುಟ್ಟಿಗೆ ಹಾಕಿ, ಸುತ್ತ ಹಳೆಯ ಸೀರೆ ತುರುಕಿ, ಡ್ರೈವರನ ಪಕ್ಕದ ಸೀಟಿನ ಮೇಲೆ ಇಟ್ಟರು. ಬುಟ್ಟಿಯ ಪಕ್ಕ ಅಪ್ಪ ಹತ್ತಿ ಕೂತ. ನಾನು ಲಾರಿಯ ಬಾಗಿಲು ಹಿಡಿದುಕೊಂಡೆ.

"ಹೆಂಗೂ ಶಿರಸಿಗೆ ಹೊಂಟೀದಿ. ಯವ್ವನ್ನೂ ಕರಕೊಂಡು ಹೋಗಪ್ಪಾ. ಅಲ್ಲಿ ದೊಡ್ಡ ದವಾಖಾನಿ ಐತಿ."

"ಜಾಗಾ ಎಲ್ಲೈತಿ?" ಅಂದ.

"ಬುಟ್ಟಿ ತೊಡಿ ಮ್ಯಾಲ ಇಟಗೋ."

"ಹಾದ್ಯಾಗ ಧಕ್ಕಿ ಬಡೀತೈತಿ ಅದಕ್ಕ. ಮೊದಲ ಸೊರಗೇತಿ."

ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹಿಂದೆ ಬಂದು ನಿಂತಿದ್ದಳು. "ನಾ ಹೋದ್ರ ಮಧ್ಯಾಹ್ನದ ಊಟಾ ಯಾರು ಮಾಡತಾರ? ಹೋಗ್ರಿ, ನೀವು ಹೋಗ್ರಿ," ಅಂದಳು. ಅಪ್ಪ ನನ್ನ ಕಡೆ ನೋಡಿ, ಕೇಳಿದೆಯಲ್ಲ ಎನ್ನುವಂತೆ ಹುಬ್ಬು ಹಾರಿಸಿದ. ಲಾರಿ ಹೋಯಿತು. ಧೂಳು ನಮ್ಮಿಬ್ಬರ ಬಾಯಿಗೆ ಬಂತು.

ಆ ಡಾಕ್ಟರು ಬುಟ್ಟಿಯ ಮುಚ್ಚಳ ತೆಗೆದವರೇ ಎರಡು ಹೆಜ್ಜೆ ಹಿಂದೆ ಹಾರಿದರಂತೆ. ತನಗೆ ಎತ್ತು ಎಮ್ಮೆ ಗೊತ್ತು, ಇದರ ನಾಡಿ ಎಲ್ಲಿದೆಯೆಂಬುದೇ ಗೊತ್ತಿಲ್ಲ ಅಂದರಂತೆ. ಅಪ್ಪ ಅಷ್ಟಕ್ಕೇ ಬಿಡುವವನೇ? ಸಿದ್ದಾಪುರ ತಾಲೂಕಿನ ಹೆಗ್ಗರಣೆಯಲ್ಲಿ ಹಾವಿನ ವಿಷಕ್ಕೆ ಮದ್ದು ಕೊಡುವವರಿದ್ದಾರೆಂದು ಯಾರೋ ಹೇಳಿದರು. ಬಸ್ಸಿನವರು ಹಾವು ಹತ್ತಿಸಿಕೊಳ್ಳಲಿಲ್ಲ. ಎತ್ತಿನ ಗಾಡಿಯಲ್ಲಿ, ಕೆಲವು ಕಡೆ ತಲೆಯ ಮೇಲೆ ಬುಟ್ಟಿ ಹೊತ್ತು, ಅಲ್ಲಿಗೂ ಹೋದ. ಅಲ್ಲಿಯ ಯಜಮಾನರು, "ಎಂತಕ್ಕೆ ಮಾರಾಯ್ರೆ ಇದೆಲ್ಲ? ನಾನು ಕೊಡೂದು ಹಾವು ಕಚ್ಚಿದವರಿಗೆ ಮದ್ದು. ಹಾವಿಗಲ್ಲ. ಕಾಡಿಗೆ ಬಿಟ್ಟುಬಿಡಿ," ಎಂದು ಮಜ್ಜಿಗೆ ಕೊಟ್ಟು ಕಳಿಸಿದರಂತೆ. ಇದನ್ನೆಲ್ಲ ಅಪ್ಪ ಬಂದ ಮೇಲೆ ಕಟ್ಟೆಯಲ್ಲಿ ಕೂತು, ಅವರವರ ದನಿ ತೆಗೆದು, ಎಲ್ಲರಿಗೂ ವರ್ಣಿಸಿ ಹೇಳಿದ. ಆಮೇಲೆ ದಣಿದು ಗೋಡೆಗೆ ಒರಗಿ ಕಣ್ಣಲ್ಲಿ ನೀರು ತಂದುಕೊಂಡ. ನಿಜವಾದ ಕಣ್ಣೀರು. ನಾನು ಅವನ ಕಣ್ಣಲ್ಲಿ ಅದಕ್ಕೂ ಮೊದಲು ನೀರು ನೋಡಿರಲಿಲ್ಲ.

ಹಾವನ್ನು ಮತ್ತೆ ಪೆಟ್ಟಿಗೆಗೆ ಹಾಕಿ ಅವನು ಮಲಗಿದ್ದಾಗ ಅವ್ವ ನನ್ನನ್ನು ಕರೆದಳು. "ಬಾ, ಇದನ್ನ ಒಳಗ ತಗೊಂಡು ಹೋಗೂಣು," ಅಂದಳು. ಬಸುರಿ ಭಾರ ಎತ್ತಬಾರದೆಂದು ತಾನೇ ಪೆಟ್ಟಿಗೆಯನ್ನು ನೆಲದ ಮೇಲೆ ಎಳೆದಳು. ಎರಡು ಮಾರು ಎಳೆಯುವಷ್ಟರಲ್ಲಿ ಏದುಸಿರು ಬಂತು. ಕೂತಳು, ಮತ್ತೆ ಎಳೆದಳು. ಅಡುಗೆಮನೆಯ ಹಿಂದೆ ಕಟ್ಟಿಗೆ ಒಟ್ಟುವ ಕತ್ತಲೆ ಕೋಣೆಯಿತ್ತು. ಒಲೆಯ ಗೋಡೆಯೇ ಅದಕ್ಕೂ ಗೋಡೆ, ಯಾವಾಗಲೂ ಬೆಚ್ಚಗಿರುತ್ತಿತ್ತು. ಅಲ್ಲಿ ಉಗುರುಬೆಚ್ಚಗಿನ ನೀರು ತಂದು ಅದರ ಮೈಗೆ ಒಣಗಿ ಹತ್ತಿದ್ದ ಅರಿಷಿಣ, ಹಾಲಿನ ಜಿಡ್ಡು ಎಲ್ಲವನ್ನೂ ಮೆಲ್ಲಗೆ ತೊಳೆದಳು. ಹೊಸ ಹುಲ್ಲು ಹಾಕಿದಳು. ಒಂದು ಇಲಿ ಬಿಟ್ಟು, ಮೇಲೆ ಗೋಣಿತಟ್ಟು ಇಳಿಬಿಟ್ಟಳು. ನಾನು ಬಗ್ಗಿ ನೋಡಲು ಹೋದರೆ ಕೈ ಹಿಡಿದು ಎಳೆದಳು.

"ನೋಡಬ್ಯಾಡ. ಎಲ್ಲಾರೂ ಬಾಯಾಗ ಕಣ್ಣಿಟಗೊಂಡು ಕುಂತ್ರ ಹೆಂಗ ಇಳೀತೈತಿ ಗಂಟಲದಾಗ? ಮೊದಲ ಇಳೀವಲ್ದು ಅಂದ್ರ, ಮಂದಿ ನೋಡಾಕತ್ತರ ಇನ್ನೂ ಬಿಗೀತೈತಿ."

ನಾನು ಅವಳ ಮುಖ ನೋಡಿದೆ. ಅದು ಹಾವಿನ ಮಾತಾಗಿರಲಿಲ್ಲ.

"ಯವ್ವಾ, ನಿನಗ ನುಂಗಾಕ ಆಗೂದಿಲ್ಲೇನು?"

ಅವಳು ಕಟ್ಟಿಗೆಯ ರಾಶಿಯ ಮೇಲೆ ಕೂತಳು. ಆಮೇಲೆ ಹೇಳಿದಳು. ಮೊದಲು ರೊಟ್ಟಿ ಸಿಕ್ಕಿಕೊಳ್ಳುತ್ತಿತ್ತಂತೆ. ಮಜ್ಜಿಗೆಯಲ್ಲಿ ನೆನೆಸಿ ನುಂಗಿದಳಂತೆ. ಆಮೇಲೆ ಅದೂ ಇಳಿಯಲಿಲ್ಲ. ಅಂಬಲಿ ಕುಡಿದಳು. ಈಗ ನೀರು, ತಿಳಿ ಮಜ್ಜಿಗೆ, ಅಷ್ಟೇ. ಕೆಲವು ಸಲ ಅದೂ ತಿರುಗಿ ಬರುತ್ತಿತ್ತಂತೆ.

"ಮತ್ತ ಒಪ್ಪತ್ತು ಅಂತ ಯಾಕ ಸುಳ್ಳ ಹೇಳಿದಿ?" ನನ್ನ ದನಿ ಏರಿತು.

"ಒದರಬ್ಯಾಡ. ರೊಟ್ಟಿ ಬಡಿಯೋ ಹೆಂಗಸಿಗೆ ಬ್ಯಾನಿ ಅಂತ ಗೊತ್ತಾದ್ರ ಆಕಿ ಕೈಯಾನ ರೊಟ್ಟಿ ಯಾರು ತಿಂತಾರ? ಖಾನಾವಳಿ ನಿಂತು ಹೋಗತೈತಿ. ವ್ರತಾ ಅಂದ್ರ ಯಾರೂ ಏನೂ ಕೇಳೂದಿಲ್ಲ."

ಹೌದು, ಯಾರೂ ಏನೂ ಕೇಳಲಿಲ್ಲ. ಇಡೀ ಊರಿಗೆ ಊರೇ ಆ ಸುಳ್ಳನ್ನು ಕೈಮುಗಿದು ನುಂಗಿತು. ಹೆಣ್ಣಿನ ಹಸಿವು ಯಾರಿಗೂ ಬೇನೆಯಾಗಿ ಕಾಣುವುದಿಲ್ಲ, ಭಕ್ತಿಯಾಗಿಯೇ ಕಾಣುತ್ತದೆ. ಆವತ್ತು ನನಗೆ ಬಂದ ಸಿಟ್ಟು ನೆತ್ತಿಗೇರಿತು, ಇನ್ನೂ ಇಳಿದಿಲ್ಲ. ನಾನು ನೇರ ಹೋಗಿ ಮಲಗಿದ್ದ ಅಪ್ಪನನ್ನು ಅಲುಗಾಡಿಸಿ ಎಬ್ಬಿಸಿ ಎಲ್ಲವನ್ನೂ ಹೇಳಿದೆ. ಅವನು ಎದ್ದು ಕೂತು ಮೊದಲು ಕೇಳಿದ್ದೇನು ಗೊತ್ತೇ? "ಪೆಟ್ಟಿಗಿ ಎಲ್ಲಿ?"

ಆಮೇಲೆ ಅವ್ವನನ್ನು ನೋಡಿಯೂ ನೋಡದ ಹಾಗೆ, "ಈ ಸೋಮಾರ ಹೋಗಲಿ, ಕರಕೊಂಡು ಹೋಗೂಣು," ಅಂದ. ಸೋಮವಾರ ಹೋಯಿತು. ಹುಣ್ಣಿಮೆ ಹೋಗಲಿ ಅಂದ. ಹುಣ್ಣಿಮೆಯೂ ಹೋಯಿತು. ಈ ನಡುವೆ ಒಂದು ಮುಂಜಾನೆ ಗೋಣಿತಟ್ಟು ಎತ್ತಿ ನೋಡಿದರೆ ಇಲಿ ಇಲ್ಲ. ಹಾವಿನ ಹೊಟ್ಟೆ ಒಂದು ಕಡೆ ಉಬ್ಬಿತ್ತು. ಅಪ್ಪ "ತಿಂದೈತಿ! ತಿಂದೈತಿ!" ಎಂದು ಕೂಗುತ್ತ ರಸ್ತೆಯವರೆಗೆ ಓಡಿದ. ನಿಂತಿದ್ದ ಲಾರಿಯವರಿಗೆಲ್ಲ ಸಕ್ಕರೆ ಹಂಚಿದ. ಶಿರಸಿ, ಸಿದ್ದಾಪುರದ ಗಾಳಿ ಬಡಿದು ಅದಕ್ಕೆ ಹಸಿವೆ ಹುಟ್ಟಿತು ಎಂದು ಎಲ್ಲರಿಗೂ ಹೇಳಿದ. ಅವ್ವನ ಕೈಗೂ ಒಂದು ಚಿಟಿಕೆ ಸಕ್ಕರೆ ಕೊಟ್ಟ. ಅವಳು ಅದನ್ನು ನಾಲಿಗೆಯ ಮೇಲಿಟ್ಟುಕೊಂಡು ಕರಗುವ ತನಕ ಕಾದಳು.

ಕೊನೆಗೆ ಅವ್ವ ಹಂಚಿನ ಮುಂದೆಯೇ ಕುಸಿದು ಬಿದ್ದಳು. ಆಗ ಕರೆದುಕೊಂಡು ಹೋದೆವು. ಯಲ್ಲಾಪುರದ ದವಾಖಾನೆಯವರು ನೋಡಿದವರೇ ಹುಬ್ಬಳ್ಳಿಗೆ ಕಳಿಸಿದರು. ಹುಬ್ಬಳ್ಳಿಯ ಡಾಕ್ಟರು ವಯಸ್ಸಾದವರು, ಅವ್ವನ ಮುಂಗೈಯನ್ನು ಎರಡು ಬೆರಳಲ್ಲಿ ಹಿಡಿದು ಅಪ್ಪನನ್ನು ಕೇಳಿದರು. "ಯಾವಾಗಿನಿಂದ ಊಟಾ ಬಿಟ್ಟಾರ ಇವರು?"

ಪಂಚಮಿಯ ಮರುದಿನದಿಂದ ಹಾವು ತಿಂದಿಲ್ಲ ಎಂದು ಶಿರಸಿಯ ದಾರಿಯಲ್ಲಿ ಕಂಡಕಂಡವರಿಗೆ ಹೇಳಿದ್ದ ಮನುಷ್ಯ ಬಾಯಿ ತೆರೆದು ನನ್ನ ಕಡೆ ತಿರುಗಿದ. ಆಮೇಲೆ, "ಒಪ್ಪತ್ತು ಹಿಡದಾಳ್ರೀ," ಅಂದ.

"ಏನು ಹಿಡದಾರ?" ಡಾಕ್ಟರು ಕನ್ನಡಕ ತೆಗೆದರು. "ಅನ್ನನಾಳದಾಗ ಗಡ್ಡಿ ಬೆಳದು ಹಾದಿ ಮುಚ್ಚೇತಿ. ವರ್ಷ ಆಗಿರಬೇಕು. ಮನ್ಯಾಗ ಯಾರೂ ಮುಖಾ ನೋಡಿಲ್ಲೇನು ಇವರದು?" ಮೊದಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತೇ ಎಂದು ನಾನು ಕೇಳಿದೆ. ಅದಕ್ಕೆ ಡಾಕ್ಟರು, ಮನೆಗೆ ಕರೆದುಕೊಂಡು ಹೋಗಿ ಅಂದರು.

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಅವ್ವ ಹೋದಳು. ಕೊನೆಗೆ ಅವಳು ಹಿಡಿ ಕಟ್ಟಿಗೆಯಷ್ಟೂ ಇರಲಿಲ್ಲ. ಮಣ್ಣು ಮಾಡಲು ಹೊತ್ತವರು ಭಾರವೇ ಇಲ್ಲ ಎಂದು ಆಶ್ಚರ್ಯಪಟ್ಟರು. ಶಿವಗಣಾರಾಧನೆಯ ದಿನ ಅಯ್ಯನವರು ಬಂದು, "ಉಪವಾಸದಾಗ ದೇಹಾ ಬಿಟ್ಟ ಶರಣಿ," ಎಂದು ದೊಡ್ಡ ದನಿಯಲ್ಲಿ ಹೇಳಿದರು. ಹೆಂಗಸರು ಅವ್ವ ಕೂಡುತ್ತಿದ್ದ ಮೂಲೆಯ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಡಾಕ್ಟರ ಮಾತನ್ನು ಕೇಳಿಸಿಕೊಂಡ ಅಪ್ಪ ಅವರ ನಡುವೆಯೇ ಕೈಮುಗಿದು ನಿಂತಿದ್ದ.

ಖಾನಾವಳಿಯನ್ನು ನಿಲ್ಲಿಸಲು ಅವನು ಒಪ್ಪಲಿಲ್ಲ. ಹಂಚಿನ ಮುಂದೆ ನಾನು ಕೂತೆ. ಹೊಟ್ಟೆ ಮೊಣಕಾಲಿಗೆ ತಾಗುತ್ತಿತ್ತು, ಸರಿಯಾಗಿ ಬಗ್ಗಲು ಬರುತ್ತಿರಲಿಲ್ಲ, ಪಕ್ಕಕ್ಕೆ ತಿರುಗಿ ಕೂತು ಬಡಿಯುತ್ತಿದ್ದೆ. ಒಂದು ದಿನ ಮಧ್ಯಾಹ್ನ ಹೊಸ ಲಾರಿಯವರು ಇಬ್ಬರು ಊಟಕ್ಕೆ ಕೂತಿದ್ದರು. ಹಾವಿನ ಕತೆ ಮುಗಿಸಿ ಅಪ್ಪ ಅವ್ವನ ಕತೆ ಶುರು ಮಾಡಿದ. ಅದೇ ದನಿ, ಅದೇ ಹುರುಪು.

"ಮಗಳ ಬಾಣಂತನಕ್ಕಂತ ಒಪ್ಪತ್ತು ಹಿಡದಳ್ರಿ ನಮ್ಮ ಮನೀಯಾಕಿ. ಬಿಡಲೇ ಇಲ್ಲ. ಒಪ್ಪತ್ತಿನ್ಯಾಗ ಶಿವನ ಪಾದಾ ಸೇರಿದಳು, ಪುಣ್ಯಾತ್ಗಿತ್ತಿ."

ನಾನು ಕೈಯಲ್ಲಿದ್ದ ಬಿಸಿ ರೊಟ್ಟಿ ಹಿಡಿದೇ ಹೊರಗೆ ಬಂದೆ. "ಒಪ್ಪತ್ತಲ್ರೀ. ನಮ್ಮವ್ವ ಹಸಕೊಂಡು ಸತ್ತಳು. ನುಂಗಾಕ ಬರವಲ್ದಾಗಿತ್ತು, ಇವಂಗ ನೋಡಾಕ ಪುರಸೊತ್ತಿರಲಿಲ್ಲ. ಹಾದೀ ಮೇಲಿನ ಮಂದಿಗೆಲ್ಲಾ ಉಣ್ಣಾಕ ಹಾಕಿ, ತಾ ಹಸಕೊಂಡು ಸತ್ತಳು," ಅಂದೆ.

ಅವರಿಬ್ಬರ ಕೈ ತಾಟಿನಲ್ಲೇ ನಿಂತಿತು. ಅಪ್ಪ ನನ್ನ ಕಡೆ ನೋಡಲಿಲ್ಲ. ನನ್ನ ಕೈಯಿಂದ ರೊಟ್ಟಿ ಇಸಿದುಕೊಂಡು, ಮುರಿದು, ಅವರಿಬ್ಬರ ತಾಟಿಗೂ ಹಾಕಿದ.

"ದಿನಾ ತುಂಬ್ಯಾವು ಆಕಿಗೆ. ತಾಯಿನ್ನ ಕಳಕೊಂಡಾಳ, ಏನರ ಅಂತಾಳ. ಮನಸಿಗೆ ಹಚ್ಚಿಕೋಬ್ಯಾಡ್ರಿ," ಅಂದ. "ನೀವು ಉಣ್ರಿ."

ಅವರು ಉಂಡರು.